ಕಾಲ್ಬೆರಳಿಗೆ ಹಲ್ಲಿನ ಡಾಕ್ಟರು

ಬಾಯಿಯೇ ಬೇರೆ, ಮೈಯೇ ಬೇರೆ ಎಂದು ನಂಬಿದ ಜನರ ನಡುವೆ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದರೆ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅದು ತಾನಾಗಿಯೇ ಬಸ್ಸು ಹತ್ತಿ ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದಲ್ಲಿ ನಾನು ಸೇರಿದ್ದು ಅಂಥ ಕಡೆಗೇ. ನಮ್ಮ ಡಾಕ್ಟರಮ್ಮ ಕುಳ್ಳಗಿನ ಹೆಂಗಸು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ನನ್ನದೋ ಇಂಗ್ಲಿಷ್ ಮೀಡಿಯಂ ಓದು. ಹಲ್ಲುಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ, ಎದುರಿಗೆ ಕೂತವರನ್ನು ಮಾತಾಡಿಸುವ ಧೈರ್ಯ ಮಾತ್ರ ಯಾವ ಭಾಷೆಯಲ್ಲೂ ಇರಲಿಲ್ಲ. ಸಾಮಾನು ಕುದಿಸುವುದು, ದೀಪ ಹಿಡಿಯುವುದು, ಸುಮ್ಮನೆ ನೋಡುವುದು ನನ್ನ ಕೆಲಸ. ನೋಡಿದ್ದರಲ್ಲಿ ಹುತ್ತೂರಿನ ರೇಷ್ಮೆಹುಳ ಸಾಕುವ ಯಜಮಾನರ ಕಥೆ ಮರೆಯುವ ಹಾಗಿಲ್ಲ.

೧. ಕುರ್ಚಿಯ ಮೇಲೆ ಕಾಲು

ಅವರಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಿನ ಗಾಯ ಮಾಯುತ್ತಿಲ್ಲ, ಹೀಗೇ ಇದ್ದರೆ ಬೆರಳು ತೆಗೆಯಬೇಕಾಗುತ್ತದೆ, ಅದಕ್ಕೆ ಮೊದಲು ಹಲ್ಲು ತೋರಿಸಿಕೊಂಡು ಬಾ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಕಳಿಸಿದ್ದರು. ಯಜಮಾನರು ಕುಂಟುತ್ತ ಬಂದರು, ಕೂತರು, ಕಾಲನ್ನೆತ್ತಿ ಕುರ್ಚಿಯ ಕೈ ಮೇಲಿಟ್ಟು ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚತೊಡಗಿದರು.

"ಕಾಲು ಇಳಿಸಿ, ಬಾಯಿ ತೆಗೀರಿ," ಅಂದರು ಡಾಕ್ಟರಮ್ಮ.

"ಗಾಯ ಇರೋದು ಕಾಲಲ್ಲಿ ಕಣಮ್ಮ."

"ಗೊತ್ತು. ಬಾಯಿ ತೆಗೀರಿ."

ತೆಗೆದರು. ಹೊಗೆಸೊಪ್ಪಿನ ಕರೆ, ಊದಿದ ಒಸಡು, ಒತ್ತಿದಲ್ಲೆಲ್ಲ ಕೀವು. ದೀಪ ಹಿಡಿದಿದ್ದ ನಾನು ಉಸಿರು ಬಿಗಿಹಿಡಿದೆ. ಡಾಕ್ಟರಮ್ಮ ಇನ್ನೂ ಬಗ್ಗಿ ನೋಡಿದರು.

"ಈ ಕೀವು ಇರೋವರೆಗೂ ಸಕ್ಕರೆ ಸರಿಯಾಗಿ ಇಳಿಯಲ್ಲ. ಸಕ್ಕರೆ ಇಳೀದೆ ಗಾಯ ಮಾಯಲ್ಲ. ಅಲ್ಲಾಡ್ತಿರೋ ಹಲ್ಲು ಕೀಳಬೇಕು, ಹೊಗೆಸೊಪ್ಪು ಬಿಡಬೇಕು. ನೀವೇ ಹೇಳಿ, ಬಾವೀಲಿ ಏನೋ ಕೊಳೀತಾ ಬಿದ್ದಿದ್ರೆ ಹೊಲದ ಕೊನೇ ಮಡಿಗೆ ಎಂಥ ನೀರು ಹೋಗುತ್ತೆ?"

ಯಜಮಾನರು ಬಾಯಿ ಒರೆಸಿಕೊಂಡರು.

"ನಮ್ಮ ಬಾವೀಲಿ ನೀರೆಲ್ಲಿದೆ ಡಾಕ್ಟರಮ್ಮ, ಕೊನೇ ಮಡಿಗೆ ಹೋಗೋಕೆ?"

೨. ಮೆತ್ತನೆಯ ಬ್ರಷ್ಷು

ಹಲ್ಲು ಕೀಳಿಸಲು ಅವರು ಒಪ್ಪಲಿಲ್ಲ. "ಬೆರಳು ಹೋದ್ರೆ ಹೋಗ್ಲಿ ಬಿಡಿ, ಇನ್ನೂ ಒಂಬತ್ತಿದೆ." ಹಾಗಂದರೂ ಆ ಬೆರಳಿನ ಬಟ್ಟೆಯನ್ನು ಎರಡೆರಡು ಸಲ ಬಿಚ್ಚಿ ಜೋಪಾನವಾಗಿ ಸುತ್ತಿಕೊಂಡರು. ಅದನ್ನು ನಾನು ನೋಡಿದೆ, ಡಾಕ್ಟರಮ್ಮನೂ ನೋಡಿದರು. ಬೈಯಲಿಲ್ಲ. ಮೆತ್ತನೆಯದೊಂದು ಬ್ರಷ್ಷು ಕೊಟ್ಟು, ಸದ್ಯಕ್ಕೆ ಇದರಲ್ಲಿ ಉಜ್ಜಿ, ಮುಂದಿನ ವಾರ ಬನ್ನಿ ಅಂದರು. ಉಜ್ಜುವುದನ್ನು ಕಲಿಸುವ ಭಾಗ್ಯ ನನ್ನದು. ಮಾತೇ ಆಡದೆ ಗಾಳಿಯಲ್ಲಿ ಮೇಲೆ ಕೆಳಗೆ ಉಜ್ಜಿ ತೋರಿಸಿದೆ. ಅವರೂ ವಿಧೇಯರಾಗಿ ಗಾಳಿಯನ್ನು ಉಜ್ಜಿದರು.

ವಾರದ ಮೇಲೆ ಬಂದಾಗ ಡಾಕ್ಟರಮ್ಮ ಕೇಳಿದರು, "ಬ್ರಷ್ಷು ಹೇಗಿದೆ?"

"ಏನು ಮೆತ್ತಗಿದೆ ಅಂತೀರಿ. ಇಷ್ಟು ವರ್ಷ ಕೋಳಿ ಪುಕ್ಕದಲ್ಲೇ ಮಾಡ್ತಿದ್ವಿ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಕೋಳಿ ಪುಕ್ಕದಲ್ಲಿ ಹಲ್ಲುಜ್ಜುವುದನ್ನು ನಾವಿಬ್ಬರೂ ಕೇಳಿರಲಿಲ್ಲ. ವಿಚಾರಿಸಿದರೆ, ಮೊಟ್ಟೆಯೊಡೆದು ಬಂದ ರೇಷ್ಮೆಯ ಮರಿಹುಳಗಳನ್ನು ಸೊಪ್ಪಿನ ಮೇಲಕ್ಕೆ ಸರಿಸುವ ಮಾತು ಅದು.

"ಒಂದೇ ಒಂದು ಹುಳಕ್ಕೂ ನೋವಾಗ್ಲಿಲ್ಲ," ಅಂದರು ಯಜಮಾನರು. "ಇನ್ನೊಂದಿದ್ರೆ ಕೊಡಿ, ನಮ್ಮಣ್ಣನೂ ಕೇಳ್ತಾವ್ನೆ."

೩. ಹುಳದ ಮನೆಯ ಹೊಸಲು

ಆ ಭಾನುವಾರ ಡಾಕ್ಟರಮ್ಮ ನನ್ನನ್ನು ಕರೆದುಕೊಂಡು ಹುತ್ತೂರಿಗೇ ಹೊರಟರು. ಹುಳದ ಮನೆಯ ಬಾಗಿಲಲ್ಲಿ ಯಜಮಾನರ ಹೆಂಡತಿ ನಮ್ಮನ್ನು ತಡೆದರು.

"ಕೈಕಾಲು ತೊಳ್ಕೊಳ್ಳಿ ಡಾಕ್ಟರಮ್ಮ. ಊದುಬತ್ತಿ, ವಾಸನೆ ಸೋಪು, ಹೊಗೆಸೊಪ್ಪು ಮುಟ್ಟಿದ ಕೈ, ಒಂದೂ ಒಳಗೆ ಬರಂಗಿಲ್ಲ. ಹುಳ ಮೇವು ಬಿಟ್ಬಿಡ್ತವೆ." ಆಮೇಲೆ ನನ್ನತ್ತ ಮೂಗು ಚಾಚಿದರು. "ಈ ಹುಡುಗಿ ಪೌಡರ್ ಹಾಕ್ಕೊಂಡೈತೆ. ಹೊರಗಿರ್ಲಿ."

ನಾನು ಹೊರಗಿದ್ದೆ. ಒಳಗೆ ಯಜಮಾನರು ತಟ್ಟೆಗಳ ಮೇಲೆ ಬಗ್ಗಿ ಸೊಪ್ಪು ಹಾಕುತ್ತಿದ್ದರು.

"ಅವರೂ ಕೈಕಾಲು ತೊಳ್ಕೊಂಡಿದ್ದಾರಾ?" ಡಾಕ್ಟರಮ್ಮ ಕೇಳಿದರು.

"ಓ, ಚೆನ್ನಾಗಿ."

"ಬಾಯಿ? ಒಂದ್ಸಲ ಬೆಳಕಿಗೆ ಕರೆದು ನೋಡಮ್ಮ."

ಆಕೆ ಗಂಡನನ್ನು ಬಾಗಿಲಿಗೆ ಕರೆದು, ಬಾಯಿ ತೆಗೆಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಏಮಯ್ಯಾ, ಇದನ್ನ ಇಟ್ಕೊಂಡು ನನ್ನ ಹುಳದ ಮೇಲೆ ಉಸಿರು ಬಿಡ್ತಿದ್ದೀಯಾ?"

"ಬೆರಳೇ ಹೋಗಂಗೈತೆ ಕಣೇ, ನಿಂಗೆ ಹುಳದ ಚಿಂತೆ."

"ಬೆರಳು ಹೋದ್ರೆ ನಿನ್ನೊಬ್ಬಂದು. ಹುಳ ಹೋದ್ರೆ ಮನೆಮಂದಿದೆಲ್ಲ. ಬಾಯಿ ಸರಿಮಾಡಿಸ್ಕೊಂಡು ಬರೋಗಂಟ ಈ ಹೊಸಲು ದಾಟಬೇಡ."

ಹಾಗೆ ಗದರಿದಾಕೆ ಅತ್ತ ತಿರುಗಿ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದು ಹೊರಗೆ ನಿಂತ ನನಗೆ ಕಂಡಿತು.

ನಾವು ವಾಪಸು ಕೋಲಾರದ ಬಸ್ಸು ಹತ್ತಿದಾಗ, ಯಜಮಾನರು ನಮಗಿಂತ ಮುಂಚೆಯೇ ಹತ್ತಿ ಸೀಟು ಹಿಡಿದು ಕೂತಿದ್ದರು.

೪. ಕುಂಟುವ ಎತ್ತು

ಆಸ್ಪತ್ರೆಯ ಡಾಕ್ಟರೊಂದಿಗೆ ಮಾತಾಡಿಕೊಂಡು, ಸಕ್ಕರೆ ನೋಡಿಕೊಂಡು, ಹಲ್ಲು ಕಿತ್ತು ಒಸಡು ಶುಚಿಮಾಡಿದರು ನಮ್ಮ ಡಾಕ್ಟರಮ್ಮ. ಹೊಗೆಸೊಪ್ಪನ್ನು ಹೆಂಡತಿ ಬಿಡಿಸಿದರು. ಸಕ್ಕರೆ ಇಳಿಯಿತು, ಗಾಯ ಒಣಗಿತು, ಬೆರಳು ಉಳಿಯಿತು. ಔಷಧಿ, ಪಥ್ಯ, ಆಸ್ಪತ್ರೆಯವರು ಕಟ್ಟಿದ ಪಟ್ಟಿ ಎಲ್ಲ ಸೇರಿ ಆದದ್ದು, ಬಾಯಿ ಅದರಲ್ಲೊಂದು ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಯಜಮಾನರು ಕೇಳಬೇಕಲ್ಲ. ಕಾಲಿಗೆ ಏನೇ ಆದರೂ ಸೀದಾ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಂದು ಊರೆಲ್ಲ ಸಾರಿದರು. ಮೊದಲು ಮಂಡಿನೋವಿನ ಅವರ ಅತ್ತೆ ಬಂದರು. ಆಮೇಲೆ ಮುಳ್ಳು ಚುಚ್ಚಿಕೊಂಡವನೊಬ್ಬ. ಡಾಕ್ಟರಮ್ಮ ಮುಳ್ಳನ್ನೂ ತೆಗೆದರು, ಅವನ ಹುಳುಕು ಹಲ್ಲನ್ನೂ.

ಒಂದು ಸಂತೆಯ ದಿನ ಬಾಗಿಲಲ್ಲಿ ಹುತ್ತೂರಿನ ರೈತನೊಬ್ಬ ಎತ್ತು ಹಿಡಿದುಕೊಂಡು ನಿಂತಿದ್ದ.

"ಗಾಡಿ ಹೊಡ್ಕೊಂಡು ಬರ್ತಾ ದಾರೀಲಿ ಕುಂಟಕ್ಕೆ ಶುರುಮಾಡ್ತು ಡಾಕ್ಟರಮ್ಮ. ಸ್ವಲ್ಪ ಹಲ್ಲು ನೋಡಿ."

ನಾನು ನಗು ತಡೆಯಲಾರದೆ ಬಾಗಿಲ ಹಿಂದೆ ಸರಿದೆ. ಡಾಕ್ಟರಮ್ಮ ನಗಲಿಲ್ಲ. ಮೆಟ್ಟಿಲಿಳಿದು ಹೋಗಿ, ಎತ್ತಿನ ಬಾಯಿ ಅಗಲಿಸಿ, ಎಡಕ್ಕೂ ಬಲಕ್ಕೂ ಬಗ್ಗಿ ನೋಡಿದರು.

"ನಿಮ್ಮೂರಿಂದ ಬಂದೋರಲ್ಲಿ ಇಷ್ಟು ಒಳ್ಳೆ ಬಾಯಿ ನಾನು ನೋಡೇ ಇರ್ಲಿಲ್ಲ."

ರೈತ ಹೆಮ್ಮೆಯಿಂದ ಹಲ್ಲು ಬಿಟ್ಟ. ಬಿಡಬಾರದಿತ್ತು.

"ಎತ್ತನ್ನ ಆಮೇಲೆ ದನದ ಆಸ್ಪತ್ರೆಗೆ ಹೊಡ್ಕೊಂಡು ಹೋಗೋರಂತೆ," ಅಂದರು ಡಾಕ್ಟರಮ್ಮ. "ಮೊದಲು ನೀವು ಒಳಗೆ ಬನ್ನಿ."

ಅವನು ಹಗ್ಗವನ್ನು ನನ್ನ ಕೈಗಿಟ್ಟು ಒಳಗೆ ಹೋದ. ನಾನು ಎತ್ತು ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಅಷ್ಟರಲ್ಲಿ ಕೆನ್ನೆ ಊದಿಸಿಕೊಂಡು ಬಂದ ಹಿರಿಯರೊಬ್ಬರು ನನ್ನನ್ನು ನೋಡಿದರು, ಎತ್ತನ್ನು ನೋಡಿದರು, ಅದರ ಹಿಂದೆ ಸ್ವಲ್ಪ ಜಾಗ ಬಿಟ್ಟು ನಿಂತುಕೊಂಡರು.

"ಇದರದ್ದಾದ ಮೇಲೆ ನಂದೇನಮ್ಮ?"