ಬಾಮೈದನ ದೇವರ ಬಗ್ಗೆ ಕೊಟ್ಟ ಎಲ್ಲ ‘ಹೌದು’ಗಳನ್ನು ರದ್ದುಪಡಿಸುವ ಕುರಿತು

ಇಂದ,
ಮೂಲೆ ಕಟಿಂಗ್ ಶಾಪಿನ ಮಾಲೀಕ
(ಸದ್ಯದ ವಾಸ: ಅದೇ ಅಂಗಡಿಯ ಎರಡನೇ ಕುರ್ಚಿ)

ಗೆ,
ಚುನಾವಣಾಧಿಕಾರಿಗಳು,
ಮೇಲ್ಮಹಡಿ, ಫ್ಯಾನು ತಿರುಗದ ಕೋಣೆ

ವಿಷಯ: ಕ್ಷೌರದ ಕುರ್ಚಿಯಲ್ಲಿ ಆಡಿದ ಮಾತುಗಳನ್ನು ಅಸಿಂಧುಗೊಳಿಸಿ, ಅರ್ಜಿದಾರನನ್ನು ಅವನ ಸ್ವಂತ ಮನೆಗೆ ಮರಳಿ ಸೇರಿಸುವ ಬಗ್ಗೆ.

ಉಲ್ಲೇಖ: 1. ಕಳೆದ ಭಾನುವಾರ ಶಾಲೆಯ ಹಾಲಿನಲ್ಲಿ ನಡೆದ ಮತದಾರರ ಸಭೆ.
2. ಅದೇ ದಿನ ಅರ್ಜಿದಾರನ ಹೆಂಡತಿ ಹೊರಡಿಸಿದ ಮೌಖಿಕ ಆದೇಶ (ನಾಲ್ಕು ಬೀದಿಗೆ ಕೇಳಿಸಿದೆ).

ಮಾನ್ಯರಲ್ಲಿ ಮಾನ್ಯರೇ,

1. ಸದರಿ ಅರ್ಜಿದಾರನು ಮೂವತ್ತೊಂದು ವರ್ಷಗಳಿಂದ ಈ ವಾರ್ಡಿನ ಮುಕ್ಕಾಲು ಪಾಲು ಗಡ್ಡಗಳನ್ನು ಏಕಾಂಗಿಯಾಗಿ ನಿರ್ವಹಿಸುತ್ತಿದ್ದಾನೆ. ಅವನ ಕೈ ಎಷ್ಟು ಹಗುರವೆಂದರೆ, ಒಬ್ಬ ಗಿರಾಕಿಗೆ ತನ್ನ ಮೀಸೆ ಹೋಗಿರುವ ಸಂಗತಿ ತಿಳಿದದ್ದು ಮನೆಯ ನಾಯಿ ಬೊಗಳಿದ ಮೇಲೆಯೇ.

2. ಅಂಗಡಿಗೆ ಒಂದೇ ನಿಯಮ. ಕತ್ತಿ ಕುತ್ತಿಗೆಯ ಮೇಲಿರುವಾಗ ಗಿರಾಕಿಗೆ ‘ಇಲ್ಲ’ ಎನ್ನಕೂಡದು. ಇಲ್ಲ ಎಂದರೆ ವಾದ ಹುಟ್ಟುತ್ತದೆ, ವಾದ ಹುಟ್ಟಿದರೆ ತಲೆ ಅಲ್ಲಾಡುತ್ತದೆ, ತಲೆ ಅಲ್ಲಾಡಿದರೆ ಕಿವಿ ಕೆಳಗೆ ಬೀಳುತ್ತದೆ. ಆ ಕಾರಣ, ಭೂಮಿ ಚಪ್ಪಟೆ ಎಂದವನಿಗೂ ಹೌದು, ದುಂಡಗಿದೆ ಎಂದವನಿಗೂ ಹೌದು. ಹೋದ ತಿಂಗಳು ಮಾನ್ಯರು ‘ನನ್ನ ಕೂದಲು ಉದುರ್ತಾ ಇಲ್ಲ ಅಲ್ವಾ?’ ಎಂದು ಕೇಳಿದಾಗ ದೊರೆತ ಹೌದು ಕೂಡ ಇದೇ ನಿಯಮದಡಿ ಬರುತ್ತದೆ ಎಂದು ವಿಷಾದದಿಂದ ತಿಳಿಸಲಾಗಿದೆ.

3. ಹೀಗಿರುವಲ್ಲಿ, ಅರ್ಜಿದಾರನ ಹೆಂಡತಿಯ ತಮ್ಮನು ಹದಿನೆಂಟು ವರ್ಷ ಬೀದಿಗಳಿಗೆ ನೀರು ಬಿಟ್ಟು, ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ವಾರ್ಡಿನ ಚುನಾವಣೆಗೆ ನಿಂತನು. ಮರುದಿನವೇ ನಿವೃತ್ತ ಮೇಷ್ಟ್ರು ಬಂದು ಕುರ್ಚಿಯಲ್ಲಿ ಒರಗಿದರು.

“ನಿನ್ನ ಬಾಮೈದನಿಗೆ ದೇವರಲ್ಲಿ ಭಕ್ತಿ ಇದೆ ತಾನೇ?”

ಕತ್ತಿ ಅವರ ಗಂಟಲ ಮೇಲಿತ್ತು. “ಹೌದು ಸಾರ್. ದಿನಾ ಮೂರು ಗಂಟೆ ಪ್ರಾರ್ಥನೆ. ಮೊಣಕಾಲು ಸವೆದುಹೋಗಿ ಹೊಸದು ಹಾಕಿಸಬೇಕಂತೆ.”

ಅವರೆದ್ದ ಕುರ್ಚಿ ಆರುವ ಮೊದಲೇ ಎಲೆಕ್ಟ್ರಿಷಿಯನ್ ಬಂದು ಕೂತ. “ನಿಮ್ಮ ಹುಡುಗನೂ ದೇವರು ದಿಂಡರು ಅಂತ ಸುತ್ತೋನಾ? ಅಲ್ಲ ತಾನೇ?”

“ಹೌದಪ್ಪಾ, ಅಂಥೋನಲ್ಲ. ದೇವರೇ ಎದುರಿಗೆ ಬಂದ್ರೂ ಗುರುತಿನ ಚೀಟಿ ಕೇಳ್ತಾನೆ!”

ಹೀಗೆ ಎರಡು ವಾರಗಳಲ್ಲಿ ಒಬ್ಬನೇ ಬಾಮೈದನಿಗೆ ಅರ್ಜಿದಾರನು ನಲವತ್ತು ಬಗೆಯ ನಂಬಿಕೆಗಳನ್ನು ಒದಗಿಸಿದ್ದು, ಪ್ರತಿಯೊಂದೂ ಆಯಾ ಗಲ್ಲಕ್ಕೆ ಸರಿಯಾಗಿ ಹೊಂದುತ್ತಿತ್ತು.

4. ಉಲ್ಲೇಖ (1)ರ ಸಭೆಯಲ್ಲಿ ಮೇಷ್ಟ್ರು ಎದ್ದು, “ಮೇಲೊಬ್ಬ ನೋಡ್ತಾ ಇದ್ದಾನೆ ಅನ್ನೋ ಭಯ ಇರೋನಿಗೇ ನನ್ನ ಓಟು” ಎಂದರು.

“ಹೋದ ಸಲದ ಸದಸ್ಯರೂ ದಿನಕ್ಕೆರಡು ಸಲ ಕಣ್ಣು ಮುಚ್ಚಿ ಕೂರ್ತಿದ್ರು ಸಾರ್” ಎಂದ ಎಲೆಕ್ಟ್ರಿಷಿಯನ್. “ಆ ಕಣ್ಣು ನಮ್ಮ ಬೀದಿ ಕಡೆ ತೆರೀಲೇ ಇಲ್ಲ. ದೇವರೊಬ್ಬನಿಗೆ ಹೆದರೋನು ನಮಗ್ಯಾಕೆ ಹೆದರ್ತಾನೆ?”

“ಹಾಗಾದ್ರೆ ಏನೂ ನಂಬದೋನು ಯಾರಿಗಯ್ಯಾ ಹೆದರ್ತಾನೆ?”

“ಮುಂದಿನ ಚುನಾವಣೆಗೆ!”

“ಅಷ್ಟಕ್ಕೂ ಈ ಹುಡುಗ ಮಹಾಭಕ್ತ. ಅವನ ಭಾವನೇ ಹೇಳಿದ್ದಾನೆ.”

“ಏನೂ ನಂಬಲ್ಲ ಅಂತ ನಂಗೆ ಹೇಳಿದ್ದೂ ಅದೇ ಭಾವ!”

ಇನ್ನೂರು ಗಲ್ಲಗಳು ಒಟ್ಟಿಗೆ ಹಿಂದಿನ ಸಾಲಿನಲ್ಲಿದ್ದ ಅರ್ಜಿದಾರನತ್ತ ತಿರುಗಿದವು. ಎಲ್ಲವೂ ತನ್ನ ಕೈಕೆಲಸವೇ ಎಂಬುದನ್ನು ಅರ್ಜಿದಾರನು ಹೆಮ್ಮೆಯಿಂದ ಗಮನಿಸಿದನು. ಬಾಗಿಲು ಎಷ್ಟು ದೂರವಿದೆ ಎಂಬುದನ್ನೂ ಗಮನಿಸಿದನು. ಕೈಯಲ್ಲಿ ಕತ್ತಿ ಇರಲಿಲ್ಲವಾದ ಕಾರಣ ಬಾಯಿಂದ ನಿಜ ಜಾರಿತು: “ನಂಗೆ ಗೊತ್ತಿಲ್ಲ. ನಾನು ಅವನನ್ನ ಒಂದು ದಿನಾನೂ ಕೇಳಿಲ್ಲ.”

5. ಆಗ ಬಾಮೈದನೇ ಎದ್ದು ನಿಂತನು. “ಬೆಳಿಗ್ಗೆ ವಾಲ್ವ್ ತಿರುಗಿಸೋ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ತಿದ್ದೆ, ಕೊನೇ ಮನೆ ತನಕ ನೀರು ಹೋಗ್ಲಿ ಅಂತ. ಯಾರನ್ನ ಕೇಳ್ತಿದ್ದೆ ಅಂತ ನಂಗೂ ಗೊತ್ತಿಲ್ಲ. ಹೋಗದಿದ್ರೆ ಸೈಕಲ್ ಹತ್ತಿ ನಾನೇ ನೋಡ್ಕೊಂಡು ಬರ್ತಿದ್ದೆ.”

“ಇದು ಉತ್ತರಾನೇ ಅಲ್ಲ” ಎಂದರು ಮೇಷ್ಟ್ರು. “ನಂಗೂ ಅಲ್ಲ” ಎಂದ ಎಲೆಕ್ಟ್ರಿಷಿಯನ್. ಇಪ್ಪತ್ತು ವರ್ಷಗಳಲ್ಲಿ ಇವರಿಬ್ಬರೂ ಒಪ್ಪಿದ ಮೊದಲ ಸಂಗತಿ ಇದೆಂದು ದಾಖಲಿಸಬೇಕಾಗಿ ವಿನಂತಿ. ಕೊನೇ ಮನೆಯ ಅಜ್ಜಿ ಮಾತ್ರ “ನೀರಂತೂ ಬರ್ತಿತ್ತಪ್ಪಾ” ಎಂದು ಚಪ್ಪಲಿ ಹುಡುಕಿಕೊಂಡು ಹೊರಟರು.

6. ಅರ್ಜಿದಾರನು ಮನೆಗೆ ಬಂದರೆ ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು.

“ಮೇಷ್ಟ್ರಿಗೂ ಹೌದು, ಕರೆಂಟಿನವನಿಗೂ ಹೌದು. ನನ್ನ ತಮ್ಮನಿಗೇ ಓಟು ಹಾಕ್ತೀರಾ ಅಂದಾಗ ನಂಗೂ ಹೌದು ಅಂದ್ರಲ್ಲ ರೀ, ಅದು ಯಾವ ಹೌದು?”

“ಅದು ನಿಜವಾದದ್ದು ಕಣೇ.”

“ಸಾಕ್ಷಿ ತನ್ನಿ. ಆಮೇಲೆ ಚಪ್ಪಲಿ ಬಿಡಿ.”

ಮೊದಲೇ ಬಂದು ಒಳಗೆ ಕೂತಿದ್ದ ಬಾಮೈದ, “ಭಾವ, ನಂಗೆ ಹಾಕದಿದ್ರೂ ಪರವಾಗಿಲ್ಲ, ಮೊದಲು ಅಕ್ಕನ ಹತ್ರ ರಾಜಿ ಆಗಿ” ಎಂದದ್ದರಿಂದ ಹೆಂಡತಿಯ ಅನುಮಾನ ಇಮ್ಮಡಿಯಾಗಿ ಬಾಗಿಲು ಮುಚ್ಚಿತು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ನೊರೆ ಹಚ್ಚಿಸಿಕೊಂಡು ಕೇಳಿದ ಯಾವ ಮಾತೂ ಸಾಕ್ಷ್ಯವಲ್ಲವೆಂದು ಮಾನ್ಯರು ಪ್ರಕಟಿಸಬೇಕು. ಅಭ್ಯರ್ಥಿಯ ದೇವರನ್ನು ತೂಗಿ ಮತ ಹಾಕುವವರು ತೂಗಿಕೊಳ್ಳಲಿ, ತೂಗದವರು ಬಿಡಲಿ. ಆದರೆ ಕೇಳುವುದಿದ್ದರೆ ಅಭ್ಯರ್ಥಿಯನ್ನೇ ಕೇಳಬೇಕು, ಕತ್ತಿ ಹಿಡಿದ ಭಾವನನ್ನಲ್ಲ ಎಂದು ನೋಟಿಸು ಅಂಟಿಸಬೇಕು.

ಇಂತಿ,
ತಮ್ಮ ಗಲ್ಲಕ್ಕೆ ಈವರೆಗೆ ಗಾಯ ಮಾಡದ ವಿಶ್ವಾಸಿ,
(ಸಹಿ)

ಲಗತ್ತುಗಳು:
1. ಹೊದಿಕೆಯಾಗಿ ಬಳಕೆಯಲ್ಲಿರುವ ಟವೆಲ್, ಒಂದು.
2. ಕುರ್ಚಿಯಿಂದ ಬಂದ ಸೊಂಟನೋವಿಗೆ ಡಾಕ್ಟರ ಚೀಟಿ.
3. ಹೆಂಡತಿಯ ಆದೇಶದ ಪ್ರತಿ: ಲಗತ್ತಿಸಿಲ್ಲ. ಕಚೇರಿಯ ಕಿಟಕಿ ತೆರೆದರೆ ಕೇಳಿಸುತ್ತದೆ.

ಕೊನೆಯ ಕೋರಿಕೆ: ಮತವು ಗುಪ್ತವಾಗಿರುವುದರಿಂದ ಅರ್ಜಿದಾರನ ಬಳಿ ಸಾಕ್ಷಿ ಇರುವುದು ಸಾಧ್ಯವಿಲ್ಲ. ಕಾರಣ, ಮತಗಟ್ಟೆಯಲ್ಲಿ ಮರೆಗೆ ಇಟ್ಟಿರುವ ರಟ್ಟಿನ ಹಲಗೆಯನ್ನು ಅರ್ಜಿದಾರನ ಸರದಿ ಬಂದಾಗ ಒಂದು ನಿಮಿಷದ ಮಟ್ಟಿಗೆ ತೆಗೆದಿಡಬೇಕು. ಹೆಂಡತಿ ಎದುರಿನ ಕಿಟಕಿಯ ಹೊರಗೆ ನಿಂತಿರುತ್ತಾಳೆ. ಆಕೆಯ ದೃಷ್ಟಿ ಚೆನ್ನಾಗಿದೆ. ಕನ್ನಡಕದ ವ್ಯವಸ್ಥೆ ಬೇಕಿಲ್ಲ.