ಡಾಲ್ಫಿನ್ ತಿಂದ ಮೀನು, ನಾನು ತಿನ್ನದ ತಲೆ

ಶನಿ ಹಿಡಿದರೂ ಏಳೂವರೆ ವರ್ಷಕ್ಕೆ ಬಿಟ್ಟು ಹೋಗ್ತಾನೆ ಅಂತಾರೆ. ನನಗೆ ಹಿಡಿದದ್ದು ಮೀನು. ಅದು ಇನ್ನೂ ಬಿಟ್ಟಿಲ್ಲ. ಹುಟ್ಟಿದ್ದು ಗದಗಿನ ಕಡೆ, ಮನೆಯಲ್ಲಿ ಮೊಟ್ಟೆಯ ಹೆಸರು ಹೇಳಿದರೂ ಬಾಯಿ ತೊಳೆದುಕೊಂಡು ಬಾ ಅನ್ನೋ ಜನ. ಇವತ್ತಿಗೂ ಒಂದು ತುಂಡು ಮೀನು ನಾಲಿಗೆಗೆ ತಾಗಿಸಿದವನಲ್ಲ. ಆದರೂ ಎಲ್ಲಿ ಹೋದರೂ ಯಾರಾದರೊಬ್ಬರು ನನ್ನನ್ನು ನೋಡಿ, "ಓ, ಮೀನಿನವರಾ?" ಅನ್ನದೆ ಬಿಡೋದಿಲ್ಲ. ಕೆಲವು ಪ್ರಸಂಗ ಹೇಳ್ತೀನಿ, ತಪ್ಪು ನಂದಾ ಅಂತ ನೀವೇ ನೋಡಿ.

೧. ಅದು ಏನು ತಿಂತು?

ಎಂಬತ್ತರ ದಶಕ ಶುರುವಾದ ಕಾಲ. ಹೆಬ್ಬಾಳದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಡಾಕ್ಟರೇಟ್‌ಗೆ ಸೇರಿದ್ದೆ. ವಿಷಯ ಏನು ಅಂದರೆ, ನಮ್ಮ ಕಡಲಿನ ಕಾಡು ಡಾಲ್ಫಿನ್‌ಗಳು ಏನು ತಿನ್ನುತ್ತವೆ ಅಂತ ಕಂಡುಹಿಡಿಯೋದು. ಹೆಬ್ಬಾಳಕ್ಕೂ ಕಡಲಿಗೂ ಒಂದು ರಾತ್ರಿಯ ಬಸ್ಸಿನ ದೂರ. ದಡದಲ್ಲಿ ಸತ್ತು ಬಿದ್ದ ಡಾಲ್ಫಿನ್‌ನ ಜಠರವನ್ನು ಮಂಗಳೂರಿನ ನಮ್ಮ ಸಹಾಯಕ ಸ್ಪಿರಿಟ್ಟಿನಲ್ಲಿ ಹಾಕಿ ಕಳಿಸಬೇಕು, ನಾನು ಇಲ್ಲಿ ಮೂಗು ಮುಚ್ಚಿಕೊಂಡು ಅದನ್ನು ಸೋಸಬೇಕು.

ಮೀನಿನ ಮಾಂಸ ಹೊಟ್ಟೆಯಲ್ಲಿ ಕರಗಿ ಹೋಗುತ್ತೆ. ಆದರೆ ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಪುಟ್ಟ ಕಲ್ಲು ಇರುತ್ತೆ. ಅದು ಬೇಗ ಕರಗೋದಿಲ್ಲ. ಒಂದೊಂದು ಜಾತಿ ಮೀನಿಗೆ ಒಂದೊಂದು ಆಕಾರದ ಕಲ್ಲು. ಕಲ್ಲು ಗುರುತಿಸಿದರೆ ತಿಂದ ಮೀನು ಯಾವುದು ಅಂತ ಗೊತ್ತಾಯಿತು.

ಇದನ್ನೆಲ್ಲಾ ಒಂದು ಸಲ ಕಾಲೇಜು ಗೇಟಿನ ಎದುರಿನ ಟೀ ಅಂಗಡಿಯವನಿಗೆ ಹೇಳಿದೆ. ಅವನೇ ಕೇಳಿದ್ದ, ಇಲ್ಲದಿದ್ದರೆ ನನಗೇನು ಹುಚ್ಚೇ? ಟೀ ಆರಿ ಕೆನೆ ಕಟ್ಟುವ ತನಕ ಬಿಡಿಸಿ ಬಿಡಿಸಿ ವಿವರಿಸಿದೆ.

"ಅಂದ್ರೆ, ಅದು ಏನ್ ತಿಂತು ಅಂತ ನೋಡೋಕೆ ನಿಮಗೆ ಸಂಬಳ ಕೊಡ್ತಾರಾ ಸಾರ್?" ಅಂದ.

"ಹೌದಪ್ಪಾ."

"ಬೆಳಗಿಂದ ನಾನು ಏನ್ ತಿಂದೆ ಅಂತ ನಮ್ಮನೇಲೇ ಒಬ್ರೂ ಕೇಳಿಲ್ಲ ಸಾರ್," ಅಂತ ಲೋಟ ಎತ್ತಿಕೊಂಡು ಹೋದ.

೨. ಮೂರೂ ಒಂದೇ ದಾರದಲ್ಲಿ

ಇದು ನಗೋ ಪ್ರಸಂಗ ಅಲ್ಲ. ಆದರೆ ಇದನ್ನು ಹೇಳದಿದ್ದರೆ ಮುಂದಿನದು ತಿಳಿಯೋದಿಲ್ಲ.

ಬಂದ ಜಠರಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಕಲ್ಲು ಸಿಗುತ್ತಿತ್ತು. ಅವರೆಕಾಳಿನಷ್ಟು ಗಾತ್ರ, ಒಂದು ಮಗ್ಗುಲಲ್ಲಿ ಕಪ್ಪೆಮರಿಯ ಹಾಗೆ, ತಲೆ ಬಾಲ ಎರಡೂ ಇರೋ ಗುರುತು. ಬಂಗುಡೆಯಲ್ಲಿ ಇಲ್ಲ, ಬೂತಾಯಿಯಲ್ಲಿ ಇಲ್ಲ, ಹೋಲಿಸಿ ನೋಡೋಕೆ ನಮ್ಮ ಕಪಾಟಿನಲ್ಲಿ ಇಟ್ಟಿದ್ದ ಯಾವ ಮೀನಿನಲ್ಲೂ ಇಲ್ಲ. ನನ್ನ ಗೈಡು ಮಂಗಳೂರು ಕಡೆಯವರು, ಮುಂದಿನ ವರ್ಷ ನಿವೃತ್ತಿ. ಅವರದು ಒಂದೇ ಮಾತು: "ಎಲ್ಲಕ್ಕಿಂತ ಹೆಚ್ಚು ತಿಂದ ಮೀನಿಗೇ ಹೆಸರಿಲ್ಲ ಅಂದ್ರೆ ಅದು ಎಂಥ ಪ್ರಬಂಧ ಮಾರಾಯಾ? ಹೆಸರು ತಾ, ಸಹಿ ಹಾಕ್ತೇನೆ."

ಅತ್ತ ಗದಗಿನಲ್ಲಿ ಒಂದು ಹುಡುಗಿ ನೋಡಿ ಬಂದಿದ್ದೆ. ನನಗೆ ಅವಳು ಮನಸ್ಸಿಗೆ ಬಂದಿದ್ದಳು. ಅವಳಿಗೆ ನಾನು ಹೇಗೋ ಒಪ್ಪಿಗೆಯಾಗಿದ್ದೆ, ಅದು ನನ್ನ ಪುಣ್ಯ. ಅವಳ ತಂದೆ ಹೈಸ್ಕೂಲಿನ ಹೆಡ್‌ಮಾಸ್ತರರು. "ಮೊದಲ ಡಾಕ್ಟರ್ ಆಗ್ರಿ, ಆಮ್ಯಾಲೆ ಅಕ್ಕಿಕಾಳು," ಅಂದುಬಿಟ್ಟರು. ಹೀಗೆ ಒಂದು ಮೀನಿನ ಹೆಸರು, ನನ್ನ ಡಿಗ್ರಿ, ನನ್ನ ಮದುವೆ ಮೂರೂ ಒಂದೇ ದಾರದಲ್ಲಿ ನೇತಾಡುತ್ತಿದ್ದವು.

"ನಮಗೆ ಗೊತ್ತಿಲ್ಲದ ಮೀನು ಕಳಿಸು," ಅಂತ ಮಂಗಳೂರಿನ ಸಹಾಯಕನಿಗೆ ಗೈಡು ಫೋನಿನಲ್ಲಿ ಕೂಗಿದರು. ಅವನು ಬಲು ನಿಯತ್ತಿನ ಮನುಷ್ಯ. ಕೊಂಬಿರೋ ಮೀನು, ಬಲೂನಿನ ಹಾಗೆ ಊದಿಕೊಳ್ಳೋ ಮೀನು, ಎರಡೂ ಕಣ್ಣು ಒಂದೇ ಕಡೆ ಇರೋ ಮೀನು, ಹೀಗೆ ಅವನಜ್ಜನೂ ಕಾಣದ ಮೀನುಗಳನ್ನು ಹುಡುಕಿ ಕಳಿಸಿದ. ನಮ್ಮ ಕಪ್ಪೆಮರಿ ಗುರುತು ಮಾತ್ರ ಯಾವುದರಲ್ಲೂ ಇಲ್ಲ.

೩. ಘಮಘಮ ಡಬ್ಬ

ಜಠರದ ಡಬ್ಬ ಬರುತ್ತಿದ್ದದ್ದು ಮಂಗಳೂರಿನ ರಾತ್ರಿ ಬಸ್ಸಿನಲ್ಲಿ. ಬೆಳಿಗ್ಗೆ ಯಶವಂತಪುರದಲ್ಲಿ ಬಸ್ಸು ನಿಂತಾಗ ನಾನು ಓಡಿಹೋಗಿ ಇಳಿಸಿಕೊಳ್ಳಬೇಕು. ಒಂದು ದಿನ ಹೋದರೆ ಬಸ್ಸಿನ ಅಷ್ಟೂ ಜನ ಕೆಳಗಿಳಿದು ಮೂಗಿಗೆ ಟವೆಲ್ ಹಿಡಿದು ನಿಂತಿದ್ದಾರೆ. ಡಬ್ಬದ ಮುಚ್ಚಳ ಸಡಿಲವಾಗಿ ಒಳಗೆಲ್ಲಾ ಚೆಲ್ಲಿದೆ.

ಕಂಡಕ್ಟರು ನನ್ನ ಕೊರಳಪಟ್ಟಿ ಹಿಡಿಯೋದೊಂದು ಬಾಕಿ. "ಯಾರ್ರೀ ನೀವು? ದಾಸರಹಳ್ಳಿಯಿಂದ ಉಸಿರು ಬಿಟ್ಟಿಲ್ಲ ಕಣ್ರೀ ನಾವು! ಸಾರಾಯಿ ಸಾಗಿಸ್ತಿದ್ದೀರಾ?"

"ಸಾರಾಯಿ ಅಲ್ರೀ, ಸ್ಪಿರಿಟ್ಟು. ಒಳಗಿರೋದು ಜಠರ."

"ಯಾರ್ದು?"

"ಡಾಲ್ಫಿನ್‌ದು."

ಹಿಂದೆ ನಿಂತಿದ್ದ ಮುದುಕಪ್ಪ ಒಬ್ಬ ಮುಂದೆ ಬಂದು ಡಬ್ಬದ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ತಣ್ಣಗೆ ತೀರ್ಪು ಕೊಟ್ಟ: "ಇರ್ಲಿ ಬುಡಪ್ಪಾ ಕಂಡಕ್ಟ್ರೇ. ಸಾರಾಯಿನೂ ಐತೆ, ನಂಚ್ಕೊಳ್ಳಾಕೆ ಮೀನೂ ಐತೆ. ಇಂಗೆ ಒಂದೇ ಡಬ್ಬದಾಗೆ ಆಕ್ಕೊಂಡು ಬರೋದು ನಮಗೆ ಯಾಕೆ ಒಳೀಲಿಲ್ಲ?"

೪. ತಲೆ ಗಿರಾಕಿ

ಬಾಡಿಗೆ ಮನೆ ಹುಡುಕಿದ್ದು ಇನ್ನೊಂದು ಕರ್ಮ. ಸಸ್ಯಾಹಾರಿಗಳ ಮನೆಗೆ ಹೋದರೆ ನಾನು ಸಸ್ಯಾಹಾರಿ ಅಂತ ಕೇಳಿ ಖುಷಿಯಾಗಿ ಕಾಫಿ ಕೊಡೋರು. ಲೋಟ ತೆಗೆದುಕೊಳ್ಳೋಕೆ ಕೈ ಚಾಚಿದ ಕೂಡಲೇ ಅವರ ಮುಖ ಹುಳ್ಳಗೆ ಆಗೋದು. ಯಾವ ಸೋಪು ಹಾಕಿದರೂ ನನ್ನ ಕೈಯಿಂದ ಆ ವಾಸನೆ ಹೋಗ್ತಿರಲಿಲ್ಲ. ಕೊನೆಗೆ ಆರ್.ಟಿ. ನಗರದಲ್ಲಿ ಒಬ್ಬ ಮುಸ್ಲಿಂ ಹೆಂಗಸು ತಾರಸಿ ಮೇಲಿನ ಕೋಣೆ ಕೊಟ್ಟರು. ಎಲ್ಲರೂ ಅವರನ್ನು ಖಾಲಾ ಅಂತಿದ್ದರು, ನಾನೂ ಅಂದೆ.

ಸಹಾಯಕನನ್ನು ನಂಬಿ ಕೂರೋ ಹಾಗಿರಲಿಲ್ಲ. ವಾರಕ್ಕೊಮ್ಮೆ ಯಶವಂತಪುರ ಮಾರ್ಕೆಟ್ಟಿಗೆ ಹೋಗಿ, ಕಾಣದ ಮೀನು ಯಾವುದಿದ್ದರೂ ಕೊಂಡು ತರುತ್ತಿದ್ದೆ. ನನಗೆ ಬೇಕಾದದ್ದು ತಲೆ ಮಾತ್ರ. ಉಳಿದದ್ದು ಖಾಲಾಗೆ. "ತಲೆ ಗಿರಾಕಿ ಬಂದ್ರು ನೋಡೋ," ಅಂತ ಮೀನು ಮಾರೋನು ಇಡೀ ಸಾಲಿಗೆ ಕೇಳೋ ಹಾಗೆ ಕೂಗೋನು. ಆರ್.ಟಿ. ನಗರದ ಬೆಕ್ಕುಗಳು ನನ್ನನ್ನು ಬಸ್‌ಸ್ಟಾಪಿಗೇ ಬಂದು ಕರೆದುಕೊಂಡು ಹೋಗ್ತಿದ್ದವು.

ತಾರಸಿಯ ಮೇಲೆ ಸೀಮೆಎಣ್ಣೆ ಸ್ಟೌ ಇಟ್ಟು ತಲೆ ಬೇಯಿಸಿ, ಚಿಮಟ ಹಿಡಿದು, ಕಣ್ಣಿಗೆ ಹತ್ತಿರ ತಂದು ಎಳೆ ಎಳೆಯಾಗಿ ಬಿಡಿಸುತ್ತಿದ್ದೆ. ಒಂದು ದಿನ ಬಟ್ಟೆ ಒಣಹಾಕೋಕೆ ಬಂದ ಖಾಲಾ ಇದನ್ನು ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ತಂದು ನನ್ನ ಪಕ್ಕ ಇಟ್ಟರು. ನೋಡಿದರೆ ಉಪ್ಪು, ಖಾರದಪುಡಿ, ಅರ್ಧ ಹೋಳು ನಿಂಬೆಹಣ್ಣು.

"ಖಾಲಾ, ನಾನು ಇದನ್ನ ತಿನ್ನೋದಿಲ್ಲ," ಅಂದೆ.

"ನಾಚಿಕೆ ಯಾಕೆ ಬೇಟಾ? ಮದ್ವೆ ಆಗೋ ತನಕ ಹೀಗೇ," ಅಂತ ಕಣ್ಣು ಒರೆಸಿಕೊಂಡು ಇಳಿದು ಹೋದರು.

೫. ಹೆಡ್‌ಮಾಸ್ತರರ ತನಿಖೆ

ಹುಡುಗಿಯ ತಂದೆ ಒಂದು ದಿನ ಹೇಳದೆ ಕೇಳದೆ ಆರ್.ಟಿ. ನಗರಕ್ಕೆ ಬಂದರು. ಹೆಣ್ಣು ಹೆತ್ತವರು, ವಿಚಾರಿಸೋದು ಅವರ ಧರ್ಮ, ಬೇಡ ಅನ್ನೋಕಾಗುತ್ತಾ? ಆದರೆ ವಿಚಾರಿಸಿದ್ದು ಖಾಲಾನ್ನ.

ಖಾಲಾ ನನ್ನನ್ನು ಹೊಗಳಲೇಬೇಕು ಅಂತ ಪಣ ತೊಟ್ಟು ನಿಂತರು. "ಹೀರಾ ಹೈ ಸಾಬ್, ಹೀರಾ! ಬೀಡಿ ಇಲ್ಲ, ಕುಡಿಯೋದು ಇಲ್ಲ. ವಾರವಾರ ಮೀನು ತರ್ತಾರೆ. ತಲೆ ಮಾತ್ರ ತಾವು ಇಟ್ಕೊಂಡು ಮಿಕ್ಕಿದ್ದೆಲ್ಲಾ ನಮಗೇ ಕೊಡ್ತಾರೆ. ಇಂಥಾ ದಿಲ್ದಾರ್ ಹುಡುಗ ಎಲ್ಲಿ ಸಿಗ್ತಾನೆ ಹೇಳಿ?"

ಹೆಡ್‌ಮಾಸ್ತರರು ಮೆಟ್ಟಿಲು ಹತ್ತಿ ಮೇಲೆ ಬಂದಾಗ ಸ್ಟೌ ಮೇಲಿನ ಪಾತ್ರೆಯಿಂದ ಒಂದು ದೊಡ್ಡ ತಲೆ ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿತ್ತು. ಚಿಮಟ ಕೆಳಗಿಟ್ಟು ಕಾಲಿಗೆ ನಮಸ್ಕಾರ ಮಾಡಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಡಾಲ್ಫಿನ್, ಜಠರ, ಕಿವಿ, ಕಲ್ಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೋಟಿನ ಗುಂಡಿ ಬಿಚ್ಚದೆ, ಕೂರದೆ, ಪೂರ್ತಿ ಕೇಳಿಸಿಕೊಂಡರು.

"ಮುಗೀತೇನ್ರಿ?" ಅಂದರು.

"ಮುಗೀತ್ರಿ."

"ಇಷ್ಟು ವರ್ಷ ಸಾಲ್ಯಾಗ ಹುಡುಗರ ನೆಪ ಕೇಳಕೋತ ಬಂದೀನಿ. ಇಷ್ಟು ಛಲೋ ನೆಪ ಯಾವ ಮಗನೂ ಹೇಳಿದ್ದಿಲ್ಲ ನೋಡ್ರಿ." ಮೆಟ್ಟಿಲ ತನಕ ಹೋಗಿ ತಿರುಗಿ ನಿಂತರು. "ಮಗಳು ಹಟ ಹಿಡದಾಳ, ಅದಕ್ಕ ಯುಗಾದಿ ತನಕ ಕಾಯ್ತೀನಿ. ಅಷ್ಟರಾಗ ನಿಮ್ಮ ಸಾಹೇಬ್ರು ಸಹಿ ಹಾಕಿದ್ರ ಸರಿ. ಇಲ್ಲಂದ್ರ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ."

ಅವರನ್ನು ಕಳಿಸಿಬಂದ ಖಾಲಾ ಕೆಳಗಿನಿಂದಲೇ ಕೂಗಿ ಹೇಳಿದರು: "ಬೇಟಾ, ನಿನ್ನ ಬಗ್ಗೆ ಎಲ್ಲಾ ಒಳ್ಳೇದೇ ಹೇಳಿದೀನಿ!"

೬. ಸ್ಟೀಲ್ ಡಬ್ಬಿ

ಯುಗಾದಿ ಬಾಗಿಲಿಗೆ ಬಂತು. ಕಲ್ಲಿಗೆ ಹೆಸರಿಲ್ಲ. ಹೆಡ್‌ಮಾಸ್ತರರು ಕಾಲೇಜಿಗೇ ಬಂದು ಹೌದು-ಇಲ್ಲ ಕೇಳಿಕೊಂಡು ಹೋಗ್ತೀನಿ ಅಂತ ಹೇಳಿ ಕಳಿಸಿದ್ದ ದಿನ, ಬೆಳಿಗ್ಗೆ ಗೈಡು ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು.

"ನನ್ನ ಹೆಂಡತಿ ಕಳಿಸಿದ್ದು. ನೀನು ಮೀನಿನ ತಲೆ ಮಾತ್ರ ಇಟ್ಟುಕೊಳ್ಳುವುದು ಅಂತ ಬಾಯಿತಪ್ಪಿ ಹೇಳಿದೆ ಮಾರಾಯಾ. ಇಷ್ಟು ದಿನ ತಲೆಯೆಲ್ಲಾ ದಂಡವಾಯ್ತಲ್ಲಾ, ಪಾಪ ಹುಡುಗ ಅಂತ ಅವಳಿಗೆ ಬೇಜಾರು. ಬರೀ ತಲೆಯದ್ದೇ ಗಸಿ ಮಾಡಿದ್ದಾಳೆ. ಡಬ್ಬಿ ಖಾಲಿ ಮಾಡಿ ಕೊಡು."

ನನ್ನ ಜೀವ ಕುತ್ತಿಗೆಗೆ ಬಂದಿರೋ ದಿನವೇ ಇದೂ ಆಗಬೇಕೇ! ಈ ಊರಲ್ಲಿ ನಾನು ಸಸ್ಯಾಹಾರಿ ಅಂತ ನಂಬೋ ಪ್ರಾಣಿ ಒಂದಾದರೂ ಇದೆಯೇ? ಸಿಟ್ಟು ನೆತ್ತಿಗೇರಿತು. ಹಿಂದುಗಡೆ ಹೋಗಿ ಕಾಲೇಜಿನ ನಾಯಿಗೆ ಆ ಮೀನುಸಾರನ್ನ ಸುರಿದುಬಿಡೋಣ ಅಂತ ಮುಚ್ಚಳ ತೆಗೆದೆ. ಆದರೆ ಎರಡು ವರ್ಷದ ಚಾಳಿ ಬಿಡಬೇಕಲ್ಲ. ತಲೆ ಕಂಡರೆ ಕೈ ಸುಮ್ಮನಿರೋದಿಲ್ಲ. ಗಸಿಗೆ ಕೈ ಹಾಕಿ ಒಂದು ತಲೆ ಎತ್ತಿ, ಹಿಂಭಾಗ ಬಿರಿದು, ಹೆಬ್ಬೆರಳಲ್ಲಿ ಒತ್ತಿದೆ. ಟಪ್ ಅಂತ ಒಂದು ಕಲ್ಲು ಮೇಜಿನ ಮೇಲೆ ಬಿತ್ತು. ಅವರೆಕಾಳಿನಷ್ಟು ಗಾತ್ರ. ಮಸಾಲೆ ಒರೆಸಿದೆ. ಕಪ್ಪೆಮರಿ!

ನಾನು ಕಿರಿಚಿದ್ದಕ್ಕೆ ಗೈಡು ಚಪ್ಪಲಿ ಬಿಟ್ಟು ಓಡಿ ಬಂದರು. ಲೆನ್ಸು ಹಿಡಿದು ನೋಡಿದರು. ಜಠರದಲ್ಲಿ ಸಿಕ್ಕಿದ ಕಲ್ಲನ್ನು ಪಕ್ಕಕ್ಕಿಟ್ಟು ಮತ್ತೆ ನೋಡಿದರು. "ಅದೇ! ಅಂಚು ಸವೆದದ್ದು ಕೂಡ ಹಾಗೇ ಉಂಟು! ಅದು ಡಾಲ್ಫಿನ್ ಹೊಟ್ಟೆಯ ಹುಳಿಗೆ, ಇದು ನನ್ನ ಹೆಂಡತಿಯ ಹುಣಸೆ ಹುಳಿಗೆ!"

"ಸರ್, ಇದು ಯಾವ ಮೀನು?"

ಗೈಡು ಕನ್ನಡಕ ತೆಗೆದು ಒರೆಸಿದರು. "ಕೊಡ್ಡಾಯಿ," ಅಂದರು, ದನಿ ಇಳಿಸಿ. "ಊರಿಂದ ಭಾವ ಕಳಿಸುವುದು. ಪ್ರತಿ ಭಾನುವಾರ ಮನೆಯಲ್ಲಿ ಅದೇ ಊಟ."

"ಪ್ರತಿ ಭಾನುವಾರ ತಿಂತೀರಾ? ತಲೇನೂ?"

"ತಲೆ ಬೆಕ್ಕಿಗೆ ಹಾಕುವುದು ಮಾರಾಯಾ."

ನಾನು ಸ್ಟೂಲಿನ ಮೇಲೆ ಕುಸಿದು ಕೂತೆ. ಗೊತ್ತಿಲ್ಲದ ಮೀನು ಕಳಿಸು ಅಂದಿದ್ದೆವಲ್ಲ, ಎಲ್ಲರಿಗೂ ಗೊತ್ತಿರೋ ಕೊಡ್ಡಾಯಿಯನ್ನು ಆ ಸಹಾಯಕ ಯಾಕೆ ಕಳಿಸ್ತಾನೆ? ಯಶವಂತಪುರ ಮಾರ್ಕೆಟ್ಟಿಗಂತೂ ಅದು ಬರ್ತಾನೇ ಇರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದಿದ್ದಾಯಿತು. ಎರಡು ವರ್ಷ, ಭಾನುವಾರ ಭಾನುವಾರ, ನನ್ನ ಡಾಕ್ಟರೇಟನ್ನು ಗೈಡಿನ ಮನೆ ಬೆಕ್ಕು ತಿಂದು ತೇಗಿತ್ತು.

ಆಮೇಲೆ ಸಂತೋಷ ತಡೆಯಲಾಗಲಿಲ್ಲ. ಸ್ಟೂಲಿನಿಂದ ಎದ್ದು, ಒಂದು ಕೈಯಲ್ಲಿ ಮೀನಿನ ತಲೆ, ಇನ್ನೊಂದರಲ್ಲಿ ಕಲ್ಲು ಹಿಡಿದು, "ಸಿಕ್ತು, ಸಿಕ್ತು" ಅಂತ ಕುಣಿದೇಬಿಟ್ಟೆ. ಗಸಿ ಮೊಣಕೈ ತನಕ ಇಳಿಯುತ್ತಿತ್ತು. ಒಂದು ಸುತ್ತು ತಿರುಗಿದಾಗ ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತಿದ್ದರು.

ಇಷ್ಟು ಕಷ್ಟಪಟ್ಟು ಸಿಕ್ಕಿದ ಹುಡುಗಿ, ಈ ಗಸಿಯಲ್ಲಿ ಮುಳುಗಿ ಹೋದಳು ಅಂದುಕೊಂಡೆ. ಗೈಡೇ ಮುಂದೆ ಬಂದು, "ಬನ್ನಿ ಬನ್ನಿ! ನಿಮ್ಮ ಅಳಿಯ ಡಾಕ್ಟರ್ ಆದ ಹಾಗೆ! ಇವತ್ತೇ ಸಹಿ ಹಾಕ್ತೇನೆ!" ಅಂದರು.

ಹೆಡ್‌ಮಾಸ್ತರರು ಡಬ್ಬಿ ನೋಡಿದರು, ತಲೆ ನೋಡಿದರು, ನನ್ನ ಮೊಣಕೈ ನೋಡಿದರು. "ಸಹಿ ಆತಂದ್ರ ಆತು. ಮಾತಿಗೆ ತಪ್ಪೂ ಮನಷ್ಯಾ ಅಲ್ಲ ನಾನು," ಅಂದರು. "ಮೊದಲ ಕೈ ತೊಳಕೊಂಡು ಬರ್ರಿ."

ಗದಗಿನಲ್ಲೇ ಮದುವೆಯಾಯಿತು. ಗೈಡು ದಂಪತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಖಾಲಾ ಕೂಡ ಬಂದು, ಇನ್ನು ಹುಡುಗ ಉಪ್ಪುಖಾರ ಹಾಕಿದ್ದು ಉಣ್ಣುತ್ತಾನೆ ಅಂತ ಕಣ್ಣೀರು ಹಾಕಿದರು. ನಾನು ಒಂದು ವಾರದಿಂದ ಕೈಗೆ ಸೋಪು, ಕಡಲೆಹಿಟ್ಟು, ಸೀಗೆಪುಡಿ, ಬೂದಿ, ಯಾರು ಏನು ಹೇಳಿದರೂ ಅದನ್ನೆಲ್ಲಾ ಹಾಕಿ ತಿಕ್ಕಿದ್ದೆ. ಮಗಳ ಕೈಯನ್ನು ನನ್ನ ಕೈಯಲ್ಲಿ ಇಡೋ ಹೊತ್ತು ಬಂತು. ಮಾವನವರು ನನ್ನ ಬಲಗೈ ಹಿಡಿದರು. ಹಿಡಿದವರು ಹಾಗೇ ತಡೆದರು. ವಾದ್ಯದವರೂ ನಿಲ್ಲಿಸಿದರು. ತುಂಬಿದ ಸಭೆಯ ಎದುರಿಗೆ, ನಿಧಾನಕ್ಕೆ ನನ್ನ ಅಂಗೈಯನ್ನು ಮೂಗಿನ ತನಕ ಎತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಸಲ ಮೂಸಿದರು.

ಆಮೇಲೆ ಮಗಳ ಕಡೆ ತಿರುಗಿ, "ಹೂಂ, ನಡೀತದ. ಕೊಡವಾ ಕೈ," ಅಂದರು.