ಸೊಟ್ಟ ಮನೆಯ ಗೃಹಪ್ರವೇಶ

ಮುನ್ನೂರೈವತ್ತು ವರ್ಷದ ಹಿಂದಿನ ಇಂಗ್ಲಿಷರು ಬಹಳ ಕುಳ್ಳಗಿದ್ದರು ಎಂಬ ಸಂಗತಿ ನನಗೆ ತಿಳಿದದ್ದು ಹಣೆಯ ಮೂಲಕ. ಅವರು ಇಟ್ಟ ಬಾಗಿಲು ಐದಡಿ ಐದಂಗುಲ, ಈ ಆನಂದತೀರ್ಥ ಆರಡಿ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಪರರ ಪ್ರಜ್ಞೆ ತಪ್ಪಿಸುವುದು ನನ್ನ ವೃತ್ತಿ. ಕೊಂಡ ಮನೆ ನನಗೆ ಅದೇ ಸೇವೆಯನ್ನು ಪುಕ್ಕಟೆಯಾಗಿ ಒದಗಿಸುತ್ತಿತ್ತು.

ಕಿಂಗ್ಸ್‌ಬರಿಯ ಅಚ್ಚುಕಟ್ಟಾದ ಮನೆ ಮಾರಿ, ಲಂಡನ್ನಿನ ಅಂಚಿಗೆ ಅಂಟಿಕೊಂಡ ಈ ಹಳ್ಳಿಯಲ್ಲಿ ಹಳೇ ಮನೆ ಕೊಂಡದ್ದು ೧೯೯೮ರಲ್ಲಿ, ಪೂರ್ತಿ ನನ್ನದೇ ಹಟದಿಂದ. ಓಕ್ ಮರದ ತೊಲೆಗಳ ಚೌಕಟ್ಟು, ಬೀದಿಯ ಮೇಲೆ ಚಾಚಿಕೊಂಡ ಮೇಲಂತಸ್ತು, ನಾಲ್ಕು ಜನ ಒಳಗೇ ಕೂತು ಹರಟುವಷ್ಟು ದೊಡ್ಡ ಒಲೆಗೂಡು! ನಾನು ಮರುಳಾದೆ. ಧಾರವಾಡದ ನನ್ನ ಹೆಂಡತಿ ವೇದಾ ಆಗಲಿಲ್ಲ. ಪರ್ಸಿನಿಂದ ನಿಂಬೆಹಣ್ಣು ತೆಗೆದು (ದೃಷ್ಟಿ ತೆಗೆಯಲು ಒಂದು ಸದಾ ಇರುತ್ತದೆ) ನೆಲದ ಮೇಲಿಟ್ಟಳು. ಅದು ಹಾಲ್ ದಾಟಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲಿಗೆ ಹೋಗಿ ನಿಂತಿತು.

“ಏನ್ರೀ, ಇದು ಮನೀನೋ ಜಾರುಬಂಡೀನೋ? ಒಂದು ಗ್ವಾಡೀನರ ನೆಟ್ಟಗ ಅದ ಏನು?”

“ಇದಕ್ಕೇ ಇತಿಹಾಸ ಅನ್ನೋದು ಕಣೇ!”

ಇತಿಹಾಸದ ಹಿಂದೆಯೇ ಕಾನೂನೂ ಬಂತು. ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿತ್ತು. ಕೌನ್ಸಿಲ್ಲಿಗೆ ಹೇಳದೆ ಕೆಡಿಸಿದರೆ ಕ್ರಿಮಿನಲ್ ಕೇಸು. ಸಾಮಾನು ಸಾಗಿಸುವಾಗಲೇ ಹಣೆಯಲ್ಲಿ ಮೂರು ಬುಗುಟು ಎದ್ದದ್ದರಿಂದ, ಬಾಗಿಲ ಮೇಲಿನ ತೊಲೆಯನ್ನು ಎಂಟಂಗುಲ ಎತ್ತರಿಸಲು ಅನುಮತಿ ಕೋರಿ ಅರ್ಜಿ ಗುಜರಾಯಿಸಿದೆ. ಗುರುವಾರ ಅಧಿಕಾರಿಣಿಯೊಬ್ಬರು ಬಂದು ನೋಡುತ್ತಾರೆ ಎಂದು ಉತ್ತರ ಬಂತು. ಅದರ ಹಿಂದಿನ ಭಾನುವಾರ ನಮ್ಮ ಗೃಹಪ್ರವೇಶ.

“ಕಾಯಿ ಹೊಸ್ತಿಲಿಗೆ ಬಡೀಬ್ಯಾಡ್ರಿ, ಹಳೇ ಕಟಗಿ ಅದ. ಕಲ್ಲಿನ ಮ್ಯಾಲೆ ಒಡೀರಿ, ಸಾವಕಾಶ,” ಎಂದಳು ವೇದಾ.

ಸಾವಕಾಶ! ಕನ್ನಡ ಬಳಗದ ಮೂವತ್ತು ಜನ ನೋಡುತ್ತಿರುವಾಗ! ನಾನು ಭೀಮನ ಭಂಗಿಯಲ್ಲಿ ಕೈಯೆತ್ತಿ ಬೀಸಿದೆ. ವೆಂಬ್ಲಿಯಲ್ಲಿ ಕೊಂಡ ಕಾಯಿ, ಅರಿಶಿನದ ನೀರಲ್ಲಿ ನೆಂದಿತ್ತು. ಕೈಯಿಂದ ಜಾರಿ ಬಾಗಿಲ ಪಕ್ಕದ ಗೋಡೆಗೆ ಅಪ್ಪಳಿಸಿತು. ಕಾಯಿ ಒಡೆಯಲಿಲ್ಲ. ಗೋಡೆ ಒಡೆಯಿತು. ಊಟದ ತಟ್ಟೆಯಗಲ ಗಾರೆ ಉದುರಿ, ಒಳಗಿನ ಕಡ್ಡಿಯ ಹೆಣಿಗೆ ಹಲ್ಲು ಕಿರಿಯಿತು.

“ಡ್ಯಾಡ್, ಯೂ ಜಸ್ಟ್ ಬ್ರೋಕ್ ದ ಸೆವೆಂಟೀನ್ತ್ ಸೆಂಚುರಿ,” ಎಂದಳು ಮಗಳು ಪ್ರಾಚಿ.

ಬಳಗದವರು ಇದು ಶಕುನವೋ ಅಪಶಕುನವೋ ಎಂದು ಚರ್ಚಿಸುತ್ತ ಬಿಸಿಬೇಳೆಬಾತ್ ಉಂಡು ಹೋದರು. ನಾನು ಗುರುವಾರಕ್ಕೆ ಎಷ್ಟು ದಿನವೆಂದು ಬೆರಳು ಮಡಚಿ ಎಣಿಸಿದೆ. ಇನ್ನು ನಾಲ್ಕೇ ದಿನ. ಆಮೇಲೆ ಕೋರ್ಟು, ಪತ್ರಿಕೆಯಲ್ಲಿ ಫೋಟೋ, ಡಾಕ್ಟರಿಕೆಗೂ ಕುತ್ತು. ಅದೂ ನಾನೇ ಅರ್ಜಿ ಹಾಕಿ ಮನೆಗೆ ಕರೆದ ಅಧಿಕಾರಿಣಿಯ ಕೈಯಿಂದ!

ಸೋಮವಾರ ರಜೆ ಹಾಕಿ, ಒಂದು ಚೀಲ ಸಿಮೆಂಟ್ ತಂದು, ತೂತಿಗೆ ಮೆತ್ತಿ, ಮೇಲೆ ಬಿಳಿ ಬಣ್ಣ ಬಳಿದೆ. ವೇದಾ ಸೊಂಟಕ್ಕೆ ಕೈಯಿಟ್ಟು ನೋಡಿದಳು.

“ಮಣ್ಣಿನ ಗ್ವಾಡಿಗೆ ಸಿಮೆಂಟಾ? ಉಸಿರು ಕಟ್ಟಿ ಒಳಗಿಂದ ಕೊಳೀತದ. ನಮ್ಮಜ್ಜಿ ನೋಡಿದ್ರ ನಿಮ್ಮನ್ನ ಅದರಾಗ ಮೆತ್ತತಿದ್ಲು.”

“ಅನಸ್ತೀಸಿಯಾ ಓದಿದೋನು ನಾನೋ ನಿಮ್ಮಜ್ಜಿಯೋ?” ಎಂದೆ. (ಇದಕ್ಕೂ ಗೋಡೆಗೂ ಏನು ಸಂಬಂಧ ಎಂದು ಕೇಳಬೇಡಿ.) ಅವಳು ಸುಮ್ಮನಾದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಸುಮ್ಮನಾದಾಗಲೆಲ್ಲ ನಾನು ಹೆದರಬೇಕಿತ್ತು, ಹೆದರಲಿಲ್ಲ. ಮುಂದಿನ ಎರಡು ದಿನ ಅಪರಾಧದ ಜಾಗವನ್ನು ಹತ್ತಿರದಿಂದ ನೋಡುವ ಧೈರ್ಯವಿಲ್ಲದೆ, ಮುಖ ತಿರುಗಿಸಿಯೇ ಆಸ್ಪತ್ರೆಗೆ ಓಡಾಡಿದೆ. ಕಾರಿನ ಡಿಕ್ಕಿಯಿಂದ ಏನೋ ವಾಸನೆ ಬರುತ್ತಿತ್ತು. ಭಯದ ವಾಸನೆ ಹೀಗೇ ಇರುತ್ತದೇನೋ ಅಂದುಕೊಂಡೆ.

ಗುರುವಾರ ಅಧಿಕಾರಿಣಿ ಮಿಸ್ ಹಾರ್ಗ್ರೀವ್ಸ್ ಬಂದರು. ಬಾಗಿಲು ಬಿಟ್ಟು ನೇರ ಅದೇ ಗೋಡೆಯ ಮುಂದೆ ನಿಂತು, ಕನ್ನಡಕ ಏರಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿದರು.

“ಅದ್ಭುತ!” ಎಂದರು. “ಇಷ್ಟು ಚೆಂದದ ರಿಪೇರಿ ನಾನು ವರ್ಷಗಟ್ಟಲೆ ನೋಡಿಲ್ಲ. ಯಾರ ಕೈಕೆಲಸ?”

ಹೋದ ಜೀವ ಬಂದದ್ದಷ್ಟೇ ಅಲ್ಲ, ಬಡ್ಡಿ ಸಮೇತ ಬಂತು. “ನನ್ನದೇ!” ಎಂದು ಎದೆ ಉಬ್ಬಿಸಿದೆ.

“ಏನೇನು ಬೆರೆಸಿದಿರಿ?”

“ಸಿಮೆಂಟ್! ಒಂದಿಡೀ ಚೀಲ!”

ಅವರ ಮುಖದ ನಗು ಆರಿತು. ಬ್ಯಾಗಿನಿಂದ ಫಾರಂ ಹೊರಬಂತು, ಪೆನ್ನಿನ ಮುಚ್ಚಳ ತೆರೆಯಿತು. ಆಗ ವೇದಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಇವರ ಸಿಮೆಂಟ್ ಸೋಮವಾರ ಸಂಜೀನೇ ಕಿತ್ತು ಒಗದೀನಿ,” ಎಂದಳು. (ಇಂಗ್ಲಿಷಿನಲ್ಲಿಯೇ, ಆದರೆ ಅವಳ ಇಂಗ್ಲಿಷೂ ಧಾರವಾಡದ್ದೇ.) “ಇದು ಮಣ್ಣು, ಹುಲ್ಲು, ಆಚೆ ಫಾರ್ಮಿನ ಆಕಳ ಸಗಣಿ. ಮ್ಯಾಲೆ ಸುಣ್ಣ. ನಮ್ಮಜ್ಜಿ ಮನಿ ಗ್ವಾಡಿ ಹಿಂಗ ಇತ್ತು.”

ಡಿಕ್ಕಿಯ ವಾಸನೆಯ ರಹಸ್ಯ ಬಯಲಾಯಿತು.

“ಸಗಣಿಯೇ!” ಮಿಸ್ ಹಾರ್ಗ್ರೀವ್ಸ್ ವೇದಾಳ ಎರಡೂ ಕೈ ಹಿಡಿದುಕೊಂಡರು. “ಇದನ್ನು ಕಟ್ಟಿದವರೂ ಅದನ್ನೇ ಬೆರೆಸಿದ್ದರು! ನಮ್ಮ ಊರಿನವರಿಗೆ ಕಲಿಸುತ್ತೀರಾ?”

ಫಾರಂ ಬ್ಯಾಗಿಗೆ ಮರಳಿತು. ನಾನು ನಾಲ್ಕು ದಿನದಿಂದ ಕಟ್ಟಿಟ್ಟಿದ್ದ ಉಸಿರು ಬಿಟ್ಟೆ. ನಿಜ ಹೇಳುತ್ತೇನೆ, ಆ ಕ್ಷಣ ಹೆಂಡತಿಯ ಕಾಲಿಗೆ ಬೀಳಲೂ ಸಿದ್ಧನಿದ್ದೆ. ತೊಲೆ ಎತ್ತರಿಸುವ ಅರ್ಜಿ ಅಲ್ಲೇ ವಜಾ ಆಯಿತು. “ಬಗ್ಗಿ ನಡೆಯಲಿ” ಎಂದು ಇಬ್ಬರು ಹೆಂಗಸರೂ ಏಕಕಂಠದಿಂದ ತೀರ್ಪಿತ್ತರು.

ಸಗಣಿ ಮಣ್ಣನ್ನು ಕಾಲಲ್ಲೇ ತುಳಿದು ಹದ ಮಾಡಬೇಕಂತೆ. ಹೀಗಾಗಿ ಮುಂದಿನ ಭಾನುವಾರ, ವೇದಾ ಇಪ್ಪತ್ತು ಆಂಗ್ಲರಿಗೆ ಪಾಠ ಹೇಳುತ್ತಿದ್ದಾಗ, ನಾನು ಪ್ಯಾಂಟು ಮಡಚಿ ಅಂಗಳದಲ್ಲಿ ಮೊಣಕಾಲಿನ ತನಕ ಸಗಣಿ ತುಳಿಯುತ್ತಿದ್ದೆ. ಜೈಲಲ್ಲವಲ್ಲ ಎಂಬ ಸಂತೋಷಕ್ಕೆ ಸ್ವಲ್ಪ ಲಯಬದ್ಧವಾಗಿಯೇ ತುಳಿದೆನೋ ಏನೋ. ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ ಬಹಳ ಹೊತ್ತು ನೋಡಿ ವೇದಾಳನ್ನು ಕೇಳಿದರು:

“ನಿಮ್ಮ ಆಳು ಬಲು ಚೆನ್ನಾಗಿ ತುಳಿಯುತ್ತಾನೆ. ನಮ್ಮ ಗೋಡೆಗೂ ಕಳಿಸುತ್ತೀರಾ?”

ವೇದಾ ನನ್ನತ್ತ ಒಮ್ಮೆ ನೋಡಿದಳು. “ಆತು, ಶನಿವಾರ ಕಳಸ್ತೀನಿ,” ಎಂದಳು. “ಆದ್ರ ಸಿಮೆಂಟ್ ಮಾತ್ರ ಇವನ ಕೈಗೆ ಕೊಡಬ್ಯಾಡ್ರಿ.”